ಪರಿಮಳದ ಪ್ರಶ್ನೆ: ಓಡಿಕೊಲೋನ್‌ಗೆ ಹಸಿರು ಅಂಗಿ

(ಸೋಪು, ಒಗೆಯುವ ಪುಡಿ, ಊದುಬತ್ತಿಗಳಿಗೆ ಬೇಕಾದ ಸುಗಂಧದ ಕಾಂಪೌಂಡ್ ಬೆರೆಸುವ ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡಿ ನಿವೃತ್ತರಾದ ನಮ್ಮ ಅಂಕಣಗಾರ್ತಿ ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ.)

ಪ್ರಶ್ನೆ: ಮೇಡಂ, ಫ್ರಾನ್ಸಿನ ತುಲೂಸ್‌ನಲ್ಲಿ ಕೆಲಸದಲ್ಲಿರುವ ನಮ್ಮ ಮಗ ಈ ಸಲ ಬಂದಾಗ ಮುಗ್ಲರ್ ಎಂಬ ಕಂಪನಿಯ ‘ಕೊಲೋನ್’ ತಂದುಕೊಟ್ಟ. ತಿಳಿ ಹಸಿರು ಬಣ್ಣ. ಯೂನಿಸೆಕ್ಸ್ ಅಂತೆ, ಗಂಡಸರೂ ಹೆಂಗಸರೂ ಹಾಕಿಕೊಳ್ಳಬಹುದಂತೆ. ಹಾಗಾಗಿ ಅಪ್ಪ ಅಮ್ಮ ಇಬ್ಬರಿಗೂ ಸೇರಿ ಒಂದೇ ಬಾಟಲಿ! ನಮ್ಮತ್ತೆ ಮೂಸಿ ನೋಡಿ, ‘ಇದು ಜ್ವರ ಬಂದಾಗ ಹಣೆಗೆ ಹಾಕೋ ಓಡಿಕೊಲೋನ್ ಕಣೇ, ಇದಕ್ಕೆ ಅಷ್ಟೊಂದು ದುಡ್ಡು ಸುರಿದನಾ?’ ಎಂದುಬಿಟ್ಟರು. ನಮ್ಮ ಯಜಮಾನರಿಗೆ ಸೋಪಿನ ವಾಸನೆ ಬರುತ್ತದಂತೆ. ಯಾರ ಮೂಗು ಸರಿ?
- ಆರ್. ಎಸ್., ದಾವಣಗೆರೆ

ಉತ್ತರ: ಎರಡು ಮೂಗೂ ಸರಿ. ಆದರೆ ಹೆಚ್ಚು ಅಂಕ ನಿಮ್ಮ ಅತ್ತೆಯವರಿಗೆ.

ಮಗ ತಂದಿರುವುದು ತಿಯೆರಿ ಮುಗ್ಲರ್ ಎಂಬ ವಸ್ತ್ರವಿನ್ಯಾಸಕನ ಫ್ರೆಂಚ್ ಫ್ಯಾಷನ್ ಸಂಸ್ಥೆ 2001ರಲ್ಲಿ ಹೊರತಂದ ಕೊಲೋನ್. ಅಗಲ ಭುಜದ, ಸಣ್ಣ ಸೊಂಟದ, ಅನ್ಯಗ್ರಹದಿಂದ ಇಳಿದು ಬಂದವರು ತೊಡುವಂಥ ಉಡುಪುಗಳಿಗೆ ಹೆಸರಾಗಿದ್ದ ಮನುಷ್ಯ ಆತ. ಅವನ ಸಂಸ್ಥೆಯ ಮೊದಲ ದೊಡ್ಡ ಸುಗಂಧ 1992ರ ‘ಏಂಜೆಲ್’. ಪಚ್ಚೆತೆನೆ, ಅಂದರೆ ನಮ್ಮ ಊದುಬತ್ತಿಯವರ ಪಚೋಲಿ, ಅದರ ಜೊತೆಗೆ ಜಾತ್ರೆಯಲ್ಲಿ ಮಾರುವ ಬಾಂಬೆ ಮಿಠಾಯಿಯ ಸಿಹಿ. ಹಾಕಿಕೊಂಡವರು ಲಿಫ್ಟ್ ಇಳಿದು ಹೋದಮೇಲೂ ಲಿಫ್ಟಿನಲ್ಲೇ ನಿಂತಿರುವ ವಾಸನೆ ಅದು. ಅಂಥವರು ಒಂಬತ್ತು ವರ್ಷದ ಮೇಲೆ ಆಗ ತಾನೇ ಸ್ನಾನ ಮುಗಿಸಿ ಬಂದಂತಿರುವ ಈ ತಣ್ಣನೆಯ ಕೊಲೋನ್ ತಂದರು. ಬೆರೆಸಿದವರು ಆಲ್ಬರ್ಟೊ ಮೊರಿಯಾಸ್, ಸ್ಪೇನಿನ ಸೆವಿಲ್ ಊರಿನವರು. ಸೆವಿಲ್‌ನ ಬೀದಿಗಳಲ್ಲಿ ಸಾಲುಮರ ಎಂದರೆ ಕಹಿಕಿತ್ತಳೆ ಮರ. ಅದರ ಹೂವೇ ಕೊಲೋನ್‌ನ ಜೀವ. ಆ ಹೂವಿನ ನಡುವೆ ಹುಟ್ಟಿದವರ ಕೈಗೆ ಈ ಕೆಲಸ ಸಿಕ್ಕಿದ್ದು ಒಳ್ಳೆಯದೇ ಆಯಿತು.

ಇನ್ನು ಅತ್ತೆಯವರ ಮಾತು. ನಮ್ಮ ಮನೆಗಳ ಬೀರುವಿನಲ್ಲಿ ಅಮೃತಾಂಜನದ ಪಕ್ಕ ಇರುತ್ತಿದ್ದ ಓಡಿಕೊಲೋನ್‌ಗೂ ನಿಮ್ಮ ಹಸಿರು ಬಾಟಲಿಗೂ ಮೂಲಪುರುಷ ಒಬ್ಬನೇ. ಜೊವಾನಿ ಮರಿಯಾ ಫರೀನಾ ಎಂಬ ಇಟಲಿಯವನು ಜರ್ಮನಿಯ ಕಲೋನ್ ನಗರದಲ್ಲಿ ನೆಲೆಸಿ ಈ ಸುಗಂಧ ಮಾಡಿದ. ಅವನ ಮನೆತನದ ಅಂಗಡಿ ಶುರುವಾದದ್ದು 1709ರಲ್ಲಿ. ತನ್ನ ಸುಗಂಧ ಮಳೆ ನಿಂತ ಮೇಲಿನ ಇಟಲಿಯ ವಸಂತದ ಬೆಳಗನ್ನು, ಕಿತ್ತಳೆ ಹೂವನ್ನು ನೆನಪಿಸುತ್ತದೆ ಎಂದು ಅಣ್ಣನಿಗೆ ಕಾಗದ ಬರೆದಿದ್ದ. ಬರ್ಗಮಾಟ್ (ನಿಂಬೆ ಜಾತಿಯದೇ ಒಂದು ಹಣ್ಣು), ನಿಂಬೆ, ಕಿತ್ತಳೆ, ನೆರೋಲಿ (ಕಹಿಕಿತ್ತಳೆ ಹೂವಿನ ಎಣ್ಣೆ), ಒಂದಿಷ್ಟು ಲ್ಯಾವೆಂಡರ್ ಮತ್ತು ರೋಸ್‌ಮೇರಿ, ಇವನ್ನೆಲ್ಲ ಶುದ್ಧ ಮದ್ಯಸಾರದಲ್ಲಿ ಕರಗಿಸಿದರೆ ಮುನ್ನೂರು ವರ್ಷದಿಂದ ಹೆಚ್ಚು ಕಡಿಮೆ ಅದೇ ಕೊಲೋನ್. ಮದ್ಯಸಾರ ಬೇಗ ಆವಿಯಾಗುವಾಗ ಚರ್ಮದ ಶಾಖವನ್ನೂ ಎಳೆದುಕೊಂಡು ಹೋಗುತ್ತದೆ. ಹಣೆಗೆ ಬಟ್ಟೆ ಹಾಕಿದಾಗ ಹಾಯೆನ್ನಿಸುತ್ತಿದ್ದದ್ದು ಅದಕ್ಕೇ. ಜ್ವರಕ್ಕೆ ಅದು ಮದ್ದಲ್ಲ ಎಂಬುದು ಬೇರೆ ಮಾತು. ಹಾಗೆ ನೋಡಿದರೆ ಆ ಕಾಲದಲ್ಲಿ ಅದನ್ನು ಮದ್ದೆಂದೇ ಮಾರುತ್ತಿದ್ದರು, ಕುಡಿಯುತ್ತಲೂ ಇದ್ದರು. 1810ರಲ್ಲಿ ನೆಪೋಲಿಯನ್ ಗುಟ್ಟಿನ ಔಷಧಗಳ ಪಾಕವನ್ನು ಸರ್ಕಾರಕ್ಕೆ ತಿಳಿಸಬೇಕೆಂದು ಆಜ್ಞೆ ಹೊರಡಿಸಿದ. ಕೊಲೋನ್ ಮಾಡುವವರು, ‘ಅಯ್ಯೋ, ನಮ್ಮದು ಔಷಧವಲ್ಲ, ಬರೀ ಸುಗಂಧ’ ಎಂದು ಜಾರಿಕೊಂಡರು. ಪಾಕದ ಗುಟ್ಟು ಉಳಿಯಿತು.

ಜರ್ಮನ್ ಊರಿನ ಹೆಸರಿದ್ದರೂ ಇದು ಫ್ರೆಂಚರ ಮನೆಮಗಳಾದದ್ದು ಪ್ಯಾರಿಸ್‌ನಲ್ಲಿ. ಅದೇ ಫರೀನಾ ವಂಶದ ಜಾನ್ ಮರಿ ಫರೀನಾ 1806ರಲ್ಲಿ ಅಲ್ಲಿ ಅಂಗಡಿ ತೆರೆದ. ಅದು ಕೈ ಬದಲಾಗುತ್ತಾ 1862ರಲ್ಲಿ ರೋಜೆ ಎ ಗಾಲೆ ಎಂಬವರ ಪಾಲಾಯಿತು. ಅವರ ‘ಜಾನ್ ಮರಿ ಫರೀನಾ’ ಈಗಲೂ ಸಿಗುತ್ತದೆ.

ಗಂಡಸಿಗೋ ಹೆಂಗಸಿಗೋ ಎಂಬ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ. ನೆಪೋಲಿಯನ್ ದಿನಾ ಕೊಲೋನ್ ತರಿಸಿ ಮೈಗೆಲ್ಲ ಉಜ್ಜಿಸಿಕೊಳ್ಳುತ್ತಿದ್ದ. 1853ರಲ್ಲಿ ಗೆರ್ಲೆನ್ ಮನೆತನ ‘ಇಂಪೀರಿಯಾಲ್’ ಎಂಬ ಕೊಲೋನ್ ಮಾಡಿ, ಮೈಮೇಲೆ ಜೇನುನೊಣಗಳ ಉಬ್ಬುಚಿತ್ತಾರವಿರುವ ಬಾಟಲಿಯಲ್ಲಿ ತುಂಬಿ ಒಪ್ಪಿಸಿದ್ದು ಮೂರನೇ ನೆಪೋಲಿಯನ್‌ನ ಮಹಾರಾಣಿ ಯೂಜೆನಿಗೆ. ಯುದ್ಧಕ್ಕೆ ಹೋಗುವ ಚಕ್ರವರ್ತಿಗೂ ಅರಮನೆಯ ರಾಣಿಗೂ ಅದೇ ನಿಂಬೆ, ಅದೇ ಹೂವು. ‘ಫಾರ್ ಹಿಮ್’, ‘ಫಾರ್ ಹರ್’ ಎಂದು ಗೋಡೆ ಎಬ್ಬಿಸಿದ್ದು ಆಮೇಲಿನ ಅಂಗಡಿಯವರು. ಒಂದೇ ಮನೆಗೆ ಎರಡು ಬಾಟಲಿ ಮಾರಬಹುದಲ್ಲ! ಹಾಗಾಗಿ ಫ್ಯಾಷನ್ ಕಂಪನಿಗಳು ‘ಯೂನಿಸೆಕ್ಸ್’ ಎಂದು ಡಂಗುರ ಸಾರಿದಾಗ ನನಗೆ ನಗು ಬರುತ್ತದೆ. ಕೊಲೋನ್ ಎಂದೂ ಹಾಗೇ ಇತ್ತು.

ಹಾಗಾದರೆ ಮುಗ್ಲರ್‌ನವರು ಹೊಸದಾಗಿ ಮಾಡಿದ್ದೇನು? ಅದು ನಿಮ್ಮ ಯಜಮಾನರ ಮೂಗಿಗೆ ಸಿಕ್ಕಿದೆ. ಮುಗ್ಲರ್‌ಗೆ ಮೊರಾಕ್ಕೋದಲ್ಲಿ ಕಂಡ ಒಂದು ಸೋಪಿನ ಪರಿಮಳ ಬಹಳ ಹಿಡಿಸಿತ್ತು, ಅದೇ ಇದಕ್ಕೆ ಪ್ರೇರಣೆ ಎನ್ನುತ್ತಾರೆ. ಹಳೆಯ ಕೊಲೋನ್‌ನಲ್ಲಿ ನಿಂಬೆ, ಹೂವು ಹಾರಿಹೋದರೆ ಕೆಳಗೆ ಹೇಳಿಕೊಳ್ಳುವಂಥದ್ದೇನೂ ಉಳಿಯುವುದಿಲ್ಲ. ಇಲ್ಲಿ ಮೇಲೆ ಬರ್ಗಮಾಟ್, ನೆರೋಲಿ, ಪೆಟಿಗ್ರೇನ್ (ಕಹಿಕಿತ್ತಳೆ ಎಲೆಯ ಎಣ್ಣೆ) ಹಾಗೇ ಇಟ್ಟು, ಅಡಿಯಲ್ಲಿ ಬಿಳಿ ಮಸ್ಕ್ ಹಾಸಿದ್ದಾರೆ. ಈ ಮಸ್ಕ್‌ಗೂ ಕಸ್ತೂರಿ ಮೃಗಕ್ಕೂ ಸಂಬಂಧವಿಲ್ಲ, ಕಾರ್ಖಾನೆಯಲ್ಲಿ ತಯಾರಾಗುವ ರಾಸಾಯನಿಕಗಳು. ಆ ಗುಂಪಿನಲ್ಲಿ ಎಲ್ಲರಿಗೂ ಗೊತ್ತಿರುವುದು ಗ್ಯಾಲಾಕ್ಸೊಲೈಡ್. ನಮ್ಮ ಕಾರ್ಖಾನೆಗೂ ಡ್ರಮ್‌ಗಟ್ಟಲೆ ಬರುತ್ತಿತ್ತು. ಶುದ್ಧ ರೂಪದಲ್ಲಿ ಜೇನುತುಪ್ಪಕ್ಕಿಂತ ಗಟ್ಟಿ, ಸುರಿದರೆ ಸುರಿಯದು. ಅದಕ್ಕೇ ತೆಳು ಮಾಡಿಯೇ ಮಾರುತ್ತಾರೆ. ಇದರ ಗುಣವೇನೆಂದರೆ ನೀರಿನಲ್ಲಿ ಕರಗದು, ಬೇಗ ಆವಿಯಾಗದು, ಹತ್ತಿ ಬಟ್ಟೆಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹಾಗಾಗಿ ಒಗೆಯುವ ಪುಡಿ ಮಾಡುವವರು ದಶಕಗಳಿಂದ ಇಂಥ ಮಸ್ಕ್‌ಗಳನ್ನು ಬಳಸುತ್ತಾ ಬಂದರು. ಒಗೆದು ಬಿಸಿಲಿಗೆ ಒಣಗಿಸಿದ ಬಟ್ಟೆ, ಇಸ್ತ್ರಿ ಮಾಡಿದ ಅಂಗಿ, ಎಲ್ಲದರಲ್ಲೂ ಅದೇ. ಕೊನೆಗೆ ನಮ್ಮ ಮೂಗು ಆ ವಾಸನೆಗೇ ‘ಶುಚಿ’ ಎಂದು ಹೆಸರಿಟ್ಟುಬಿಟ್ಟಿತು. ಮೊರಿಯಾಸ್ ಆ ಶುಚಿಯನ್ನು ಎತ್ತಿ ಕೊಲೋನ್‌ನ ಕೆಳಗಿಟ್ಟರು. ನೆರೋಲಿಯೂ ಹಿಂದಿನಿಂದ ಯುರೋಪಿನ ಒಳ್ಳೆಯ ಸೋಪುಗಳಲ್ಲಿ ಇದ್ದದ್ದೇ. ಎರಡೂ ಸೇರಿದರೆ ಸೋಪಲ್ಲದೆ ಇನ್ನೇನು?

ಕಂಪನಿಯವರು ‘ಎಸ್’ ಎಂಬ ಗುಟ್ಟಿನ ಘಟಕವೊಂದು ಇದರಲ್ಲಿದೆ ಎಂದು ಪ್ರಚಾರ ಮಾಡಿದ್ದರು. ಗುಟ್ಟಿಲ್ಲದೆ ಸೆಂಟು ಮಾರಾಟವಾಗುವುದಿಲ್ಲ, ಬಿಡಿ. ನನ್ನ ಮೂಗಿಗೆ ಕಾಣುವುದು ಚೆನ್ನಾಗಿ ಅಳತೆ ಮಾಡಿದ ಮಸ್ಕ್, ಅದಕ್ಕೂ ನೆರೋಲಿಗೂ ನಡುವೆ ಜಾಣತನದ ಬೆಸುಗೆ. ಅಷ್ಟೇ ಸಾಕಲ್ಲ? ನನಗೆ ಇಷ್ಟವಾದ ಸುಗಂಧ. 2018ರಲ್ಲಿ ಇದಕ್ಕೆ ‘ಕಮ್ ಟುಗೆದರ್’ ಎಂಬ ಬಾಲ ಸೇರಿಸಿ, ಬೇರೆ ಬೇರೆ ಬಣ್ಣದ ತಮ್ಮ ತಂಗಿಯರನ್ನೂ ಜೊತೆಗೆ ನಿಲ್ಲಿಸಿದರು. ಹಸಿರಿನದಕ್ಕೆ ಅವು ಸಾಟಿಯಲ್ಲ.

ದಂಪತಿ ಇಬ್ಬರೂ ಧಾರಾಳವಾಗಿ ಹಾಕಿಕೊಳ್ಳಿ. ಅತ್ತೆಯವರ ಕರ್ಚೀಫಿಗೂ ಒಂದು ಸಲ ಹೊಡೆದುಕೊಡಿ, ಮಾರನೆಯ ದಿನ ಅವರೇ ಮೂಸಿ ನೋಡಲಿ. ಓಡಿಕೊಲೋನ್ ಆಗಿದ್ದರೆ ಅಷ್ಟು ಹೊತ್ತಿಗೆ ಕರ್ಚೀಫು ಬರೀ ಕರ್ಚೀಫಾಗಿರುತ್ತಿತ್ತು.

ಪ್ರಶ್ನೆ: ನಾನೂ ಆನ್‌ಲೈನ್‌ನಲ್ಲಿ ಒಂದು ದುಬಾರಿ ಫ್ರೆಂಚ್ ಕೊಲೋನ್ ತರಿಸಿದೆ. ಹಾಕಿಕೊಂಡ ಒಂದು ಗಂಟೆಗೆಲ್ಲ ಮಾಯ. ಡೂಪ್ಲಿಕೇಟ್ ಇರಬಹುದೇ? ವಿಚಿತ್ರವೆಂದರೆ ಆಫೀಸಿನಲ್ಲಿ ಪಕ್ಕದ ಸೀಟಿನವರು ಮಧ್ಯಾಹ್ನವೂ ‘ಏನೋ ಘಮ ಬರ್ತಿದೆ’ ಎನ್ನುತ್ತಾರೆ.
- ಎಂ. ಪಿ., ಕಲಬುರಗಿ

ಉತ್ತರ: ಪಕ್ಕದ ಸೀಟಿನವರಿಗೆ ಬರುತ್ತಿದ್ದರೆ ಮಾಯವಾಗಿಲ್ಲ ಎಂದೇ ಅರ್ಥ. ನಿಮ್ಮ ಮೂಗು ಅದನ್ನು ದಾಖಲೆ ಮಾಡಿಕೊಳ್ಳುವುದನ್ನು ನಿಲ್ಲಿಸಿದೆ. ಒಂದೇ ವಾಸನೆಯ ಎದುರು ಕೂತಿದ್ದರೆ ಯಾರ ಮೂಗಾದರೂ ಹೀಗೇ ಮಾಡುತ್ತದೆ. ಜೊತೆಗೆ ಮಸ್ಕ್‌ಗಳದ್ದೇ ಒಂದು ತಕರಾರಿದೆ. ಅವುಗಳ ಅಣು ದೊಡ್ಡದು. ಒಂದಲ್ಲ ಒಂದು ಮಸ್ಕ್ ಮೂಗಿಗೆ ತಾಕದೇ ಹೋಗುವ ಜನ ಬಹಳ. ನಮ್ಮ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ಒಂದೇ ಬ್ಲಾಟರ್ ಕಾಗದ ಹಿಡಿದು ಒಬ್ಬರು ‘ಆಹಾ’ ಎಂದರೆ ಇನ್ನೊಬ್ಬರು ‘ಬರೀ ಕಾಗದ’ ಎನ್ನುತ್ತಿದ್ದರು. ಆ ಎರಡನೆಯವರು ಹತ್ತಾರು ವರ್ಷ ಅನುಭವ ಇದ್ದವರು. ಮೂಗಿನ ಹುಟ್ಟುಗುಣ, ಏನೂ ಮಾಡುವಂತಿಲ್ಲ.

ಇನ್ನು ಹಾರಿಹೋಗುವ ಭಾಗ. ನಿಂಬೆ ಜಾತಿಯ ಸಿಪ್ಪೆ ಎಣ್ಣೆಗಳಲ್ಲಿ ಮುಖ್ಯವಾಗಿ ಇರುವುದು ಲಿಮೊನೀನ್. ಕಿತ್ತಳೆ ಸಿಪ್ಪೆಯನ್ನು ದೀಪದ ಮುಂದೆ ಹಿಂಡಿದರೆ ಪಟಪಟ ಕಿಡಿ ಹಾರುತ್ತದಲ್ಲ, ಅದೇ. ಅಷ್ಟು ಹಗುರಾದದ್ದು ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಎಷ್ಟು ಹೊತ್ತು ನಿಂತೀತು? ಮೇಲಾಗಿ ಕೊಲೋನ್‌ನಲ್ಲಿ ಸುಗಂಧ ತೈಲ ಸಾಮಾನ್ಯವಾಗಿ ನೂರಕ್ಕೆ 2ರಿಂದ 5 ಪಾಲು ಮಾತ್ರ. ಓ ದ ಪರ್ಫಾಂ ಎಂದು ಬರೆದಿರುವುದರಲ್ಲಿ 15ರ ಮೇಲಿರುತ್ತದೆ. ಕೊಲೋನ್ ಇರುವುದೇ ಧಾರಾಳವಾಗಿ ಸುರಿದುಕೊಂಡು, ಮಧ್ಯಾಹ್ನ ಮತ್ತೊಂದು ಸಲ ಸುರಿದುಕೊಳ್ಳುವುದಕ್ಕೆ. ನೆಪೋಲಿಯನ್ ಮಾಡುತ್ತಿದ್ದದ್ದೂ ಇದನ್ನೇ. ಖರ್ಚು ಅವನ ಬೊಕ್ಕಸದ್ದು, ಅದು ಬೇರೆ.

ಮೈಗಿಂತ ಬಟ್ಟೆಯ ಮೇಲೆ ಹೆಚ್ಚು ನಿಲ್ಲುತ್ತದೆ. ಹತ್ತಿ ಅಂಗಿಯ ಒಳಮಗ್ಗುಲಿಗೆ ಹೊಡೆಯಿರಿ, ರೇಷ್ಮೆಗೆ ಬೇಡ, ಕಲೆ ಬಿದ್ದೀತು. ಮಣಿಕಟ್ಟಿಗೆ ಅಪ್ಪಟ ಗಂಧದೆಣ್ಣೆಯನ್ನು ಸೋಂಕಿಸಿ ಅದರ ಮೇಲೆ ಕೊಲೋನ್ ಹಾಕುವುದು ನನ್ನ ಸ್ವಂತ ಪದ್ಧತಿ. ಗಂಧ ನಿಧಾನಕ್ಕೆ ಏಳುವ ಎಣ್ಣೆ, ಮೇಲಿನದನ್ನೂ ಒಂದಿಷ್ಟು ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಆಗ ಅದು ಫ್ರೆಂಚರ ಕೊಲೋನ್ ಆಗಿ ಉಳಿಯುವುದಿಲ್ಲ, ಒಂದು ಕಾಲು ಮೈಸೂರಿಗೆ ಬಂದಿರುತ್ತದೆ.

ಪ್ರಶ್ನೆ: ಕೊಲೋನ್ ಬಗ್ಗೆ ಎಲ್ಲಿ ಓದಿದರೂ ‘ಕಿತ್ತಳೆ ಹೂವು’ ಎನ್ನುತ್ತಾರೆ. ನಮ್ಮ ತೋಟದಲ್ಲಿ ಕಾಫಿ ನಡುವೆ ಕೊಡಗಿನ ಕಿತ್ತಳೆ ಗಿಡಗಳಿವೆ. ಅದೇ ಹೂವೇ? ನೆರೋಲಿ, ಪೆಟಿಗ್ರೇನ್ ಎಂದರೇನು?
- ಒಬ್ಬ ಬೆಳೆಗಾರ, ಮಡಿಕೇರಿ ಹತ್ತಿರ

ಉತ್ತರ: ಅದಲ್ಲ, ಅದರ ದಾಯಾದಿ. ನಿಮ್ಮದು ಸಡಿಲ ಸಿಪ್ಪೆಯ ಮ್ಯಾಂಡರಿನ್ ಜಾತಿ. ಸುಗಂಧಕ್ಕೆ ಬೇಕಾದದ್ದು ಕಹಿಕಿತ್ತಳೆ. ಹಣ್ಣು ಹಾಗೇ ತಿನ್ನಲಾಗದು, ಇಂಗ್ಲಿಷರು ಮಾರ್ಮಲೇಡ್ ಮಾಡಿಕೊಳ್ಳುತ್ತಾರೆ. ತಿನ್ನಲು ಬಾರದ ಈ ಮರವನ್ನು ಸುಗಂಧದವರು ಬೇರು, ಕಾಂಡ ಬಿಟ್ಟು ಪೂರ್ತಿ ಬಳಸಿಕೊಳ್ಳುತ್ತಾರೆ. ಹೂವನ್ನು ಹಬೆಯಲ್ಲಿ ಭಟ್ಟಿ ಇಳಿಸಿದರೆ ನೆರೋಲಿ ಎಣ್ಣೆ: ತಿಳಿ, ಹಸಿರು, ತುಸು ಕಹಿ. ಭಟ್ಟಿಯಲ್ಲಿ ಜೊತೆಗೆ ಇಳಿಯುವ ನೀರೂ ವ್ಯರ್ಥವಲ್ಲ, ನಮ್ಮ ಪನ್ನೀರಿನ ಹಾಗೆ ಟ್ಯುನೀಷಿಯಾ, ಮೊರಾಕ್ಕೋದ ಮನೆಗಳಲ್ಲಿ ಸಿಹಿತಿಂಡಿಗೆ ಹಾಕುತ್ತಾರೆ. ಅದೇ ಹೂವನ್ನು ದ್ರಾವಕದಲ್ಲಿ ನೆನೆಸಿ ಸಾರ ತೆಗೆದರೆ ಆರೆಂಜ್ ಫ್ಲವರ್ ಆಬ್ಸೊಲ್ಯೂಟ್: ಇದು ದಟ್ಟ, ಸಿಹಿ, ರಾತ್ರಿ ಹೊತ್ತಿನ ಹೂವಿನಂಥದ್ದು. ಎಲೆ, ಎಳೆ ಕಡ್ಡಿಗಳನ್ನು ಭಟ್ಟಿ ಇಳಿಸಿದರೆ ಪೆಟಿಗ್ರೇನ್, ಎಲೆ ಕಿವುಚಿದಾಗಿನ ಒಗರು ವಾಸನೆ. ಸಿಪ್ಪೆ ಹಿಂಡಿದರೆ ಇನ್ನೊಂದು ಎಣ್ಣೆ. ಮೇಲೆ ಹೇಳಿದ ಮುಗ್ಲರ್ ಕೊಲೋನ್‌ನ ಬೆನ್ನುಮೂಳೆ ಈ ಒಂದೇ ಮರದ ಹೂವು ಮತ್ತು ಎಲೆ.

ಒಂದು ಟನ್ ಹೂವಿಗೆ ಸುಮಾರು 1 ಕಿಲೋ ನೆರೋಲಿ ಬರುತ್ತದೆ. ಹೂವನ್ನು ಕೈಯಲ್ಲೇ ಬಿಡಿಸಬೇಕು. ಟ್ಯುನೀಷಿಯಾದ ನಬ್ಯೂಲ್ ಸುತ್ತಮುತ್ತ ವಸಂತದಲ್ಲಿ ಇದೇ ಕೆಲಸ. ಫ್ರಾನ್ಸಿನಲ್ಲಿ ವಲ್ಲೋರಿಸ್ ಊರು ಒಂದು ಕಾಲಕ್ಕೆ ಇದಕ್ಕೆ ಹೆಸರುವಾಸಿಯಾಗಿತ್ತು. ಈಗ ಅಲ್ಲಿ ಉಳಿದಿರುವುದು ಸ್ವಲ್ಪ. ಬರ್ಗಮಾಟ್ ಬರುವುದು ಬಹುಪಾಲು ಇಟಲಿಯ ಕಾಲಬ್ರಿಯಾದಿಂದ, ಪೆಟಿಗ್ರೇನ್‌ಗೆ ದೂರದ ಪರಾಗ್ವೆ ಹೆಸರುವಾಸಿ.

ಹಾಗೆಂದು ನಿಮ್ಮ ತೋಟ ಪೂರ್ತಿ ಪರಕೀಯವೇನಲ್ಲ. ಗಿಡ ಹೂ ಬಿಟ್ಟಾಗ ಮೂಸಿ, ಆಮೇಲೆ ಒಂದು ಮೊಳ ಮಲ್ಲಿಗೆ ಮೂಸಿ. ಎರಡಕ್ಕೂ ಎಲ್ಲೋ ನಂಟಿದೆ ಅನ್ನಿಸುತ್ತದೆ. ಇಂಡೋಲ್, ಮೀಥೈಲ್ ಆಂಥ್ರನಿಲೇಟ್ ಎಂಬ ಎರಡು ಪದಾರ್ಥ ಕಿತ್ತಳೆ ಹೂವಿನಲ್ಲೂ ಇವೆ, ಮಲ್ಲಿಗೆಯಲ್ಲೂ ಇವೆ. ನೆರೋಲಿ ಮೊದಲ ಸಲ ಮೂಸಿದ ನಮ್ಮವರಿಗೆ ‘ಇದು ಗೊತ್ತಿರೋ ವಾಸನೆ’ ಅನ್ನಿಸುವುದಕ್ಕೆ ಇದೂ ಒಂದು ಕಾರಣ.

ಪ್ರಶ್ನೆ: ನಿಂಬೆ, ಕಂಚಿಕಾಯಿ ಸಿಪ್ಪೆಯನ್ನು ಸ್ಪಿರಿಟ್‌ನಲ್ಲಿ ನೆನೆಸಿ ಮನೆಯಲ್ಲೇ ಕೊಲೋನ್ ಮಾಡಬಹುದೇ? ಎಲ್ಲರೂ ವೀಡಿಯೊ ಹಾಕುತ್ತಿದ್ದಾರೆ.
- ಗೃಹಿಣಿ, ಶಿರಸಿ

ಉತ್ತರ: ಬೇಡಮ್ಮ. ಅಂಗಡಿಯಲ್ಲಿ ‘ಸ್ಪಿರಿಟ್’ ಎಂದು ಕೊಡುವುದರಲ್ಲಿ ಮೆಥನಾಲ್ ಇರಬಹುದು, ಅದು ಕಣ್ಣಿಗೂ ಜೀವಕ್ಕೂ ಅಪಾಯ. ಇನ್ನೊಂದು ಅಪಾಯ ಸಿಪ್ಪೆಯದ್ದೇ. ನಿಂಬೆ ಜಾತಿಯ ಸಿಪ್ಪೆ ಹಿಂಡಿದ ಎಣ್ಣೆಯಲ್ಲಿ ಬರ್ಗಾಪ್ಟೆನ್‌ನಂಥ ಪದಾರ್ಥಗಳಿವೆ. ಅದು ಮೈಮೇಲಿದ್ದಾಗ ಬಿಸಿಲು ಬಿದ್ದರೆ ಚರ್ಮ ಸುಟ್ಟ ಹಾಗೆ ಕೆಂಪಾಗಿ, ಆಮೇಲೆ ತಿಂಗಳುಗಟ್ಟಲೆ ಕಂದು ಕಲೆ ಉಳಿಯುತ್ತದೆ. ಹಿಂದೆ ಕೊಲೋನ್ ಹಚ್ಚಿಕೊಂಡು ಬಿಸಿಲಿಗೆ ಹೋದ ಯುರೋಪಿನ ಹೆಂಗಸರ ಕತ್ತಿನ ಮೇಲೆ, ಹನಿ ಇಳಿದ ಜಾಡಿನಲ್ಲೇ, ಪದಕ ತೂಗಿದಂತೆ ಕಲೆ ಮೂಡುತ್ತಿತ್ತು. ಚರ್ಮದ ವೈದ್ಯರ ಪುಸ್ತಕಗಳಲ್ಲಿ ಅದಕ್ಕೊಂದು ಹೆಸರೇ ಇದೆ. ಒಳ್ಳೆಯ ಕಂಪನಿಗಳು ಈಗ ಬರ್ಗಾಪ್ಟೆನ್ ತೆಗೆದುಹಾಕಿದ ಬರ್ಗಮಾಟ್ ಎಣ್ಣೆಯನ್ನೇ ಬಳಸುತ್ತವೆ. ನಿಮ್ಮ ಅಡುಗೆಮನೆಯಲ್ಲಿ ಅದನ್ನು ತೆಗೆಯುವ ಉಪಾಯ ಇಲ್ಲ. ಕಂಚಿಕಾಯಿಯನ್ನು ಚಿತ್ರಾನ್ನಕ್ಕೆ ಹಿಂಡಿ, ಅಲ್ಲಿ ಅದಕ್ಕೆ ಸರಿಸಾಟಿ ಇಲ್ಲ.

ಪ್ರಶ್ನೆ: ಅಕ್ಕನ ಸಿಕೆ ವನ್ ಹಾಕಿಕೊಂಡು ಕಾಲೇಜಿಗೆ ಹೋದರೆ ಹಾಸ್ಟೆಲ್ ಹುಡುಗರು ‘ಲೇಡೀಸ್ ಸೆಂಟ್’ ಎಂದು ಕಾಡುತ್ತಾರೆ. ಏನು ಹೇಳಲಿ?
- ವಿದ್ಯಾರ್ಥಿ, ಬೆಂಗಳೂರು

ಉತ್ತರ: ಕ್ಯಾಲ್ವಿನ್ ಕ್ಲೈನ್‌ನವರ ಸಿಕೆ ವನ್ 1994ರಲ್ಲಿ ಬಂದದ್ದೇ ಇಬ್ಬರಿಗೂ ಎಂದು. ಅದನ್ನು ಬೆರೆಸಿದ ಇಬ್ಬರಲ್ಲಿ ಒಬ್ಬರು ಇದೇ ಮೊರಿಯಾಸ್, ಇನ್ನೊಬ್ಬರು ಹ್ಯಾರಿ ಫ್ರೆಮಾಂಟ್. ಇಬ್ಬರೂ ಗಂಡಸರು. ಇಷ್ಟು ಹೇಳಿದರೂ ಹುಡುಗರು ಸುಮ್ಮನಾಗುವುದಿಲ್ಲ, ನನಗೆ ಗೊತ್ತು. ನಿಮ್ಮೂರ ಜಾತ್ರೆಯಲ್ಲಿ ಕಿವಿಗೆ ಅತ್ತರಿನ ಹತ್ತಿ ಸಿಕ್ಕಿಸಿಕೊಂಡು ಓಡಾಡುವ ಗೌಡರನ್ನು ಯಾರಾದರೂ ಹೀಗೆ ಕೇಳಿದ್ದಾರೆಯೇ ಎಂದು ಕೇಳಿ ನೋಡಿ.

ಪ್ರಶ್ನೆ: ಇಂಥ ಕೊಲೋನ್‌ಗಳಲ್ಲಿ ಬೇರೆ ಯಾವುದು ಒಳ್ಳೆಯದು? ನಾನೂ ಹೆಂಡತಿಯೂ ಸೇರಿ ಬಳಸಲು ಒಂದೇ ಒಂದು ಕೊಳ್ಳುವ ಮನಸ್ಸು.
- ಶಾರ್ಜಾದಲ್ಲಿರುವ ಉಡುಪಿಯ ಓದುಗ

ಉತ್ತರ: ಫ್ಯಾಷನ್ ಮನೆಗಳ ಕೊಲೋನ್‌ಗಳಲ್ಲಿ ನನ್ನ ಮೊದಲ ಆಯ್ಕೆ ಎರ್ಮೆಸ್‌ನವರ ‘ಓ ದೊರಾಂಜ್ ವೆರ್ತ್’. 1979ರಲ್ಲಿ ಫ್ರಾನ್ಸ್ವಾಸ್ ಕಾರೋನ್ ಎಂಬ ಹೆಣ್ಣುಮಗಳು ಮಾಡಿದ್ದು. ಆಗ ಅದಕ್ಕೆ ಬರೀ ಎರ್ಮೆಸ್ ಕೊಲೋನ್ ಎಂದೇ ಹೆಸರು, ಈಗಿನ ಹೆಸರು ಬಂದದ್ದು 1997ರಲ್ಲಿ. ಕಿತ್ತಳೆಗಿಂತ ಹೆಚ್ಚಾಗಿ ಕಿತ್ತಳೆ ಎಲೆ ಕಿವುಚಿದ ಹಾಗೆ, ಪುದೀನದ ಎಳೆಯೂ ಇದೆ. ನಿಮ್ಮ ಮರಳುಗಾಡಿನ ಸೆಖೆಗೆ ಹೇಳಿ ಮಾಡಿಸಿದ್ದು. ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಆ ದೂರು ಹೇಳಬೇಡಿ.

ಡಿಯೋರ್‌ನವರ 1966ರ ‘ಓ ಸೊವಾಜ್’ ಮೇಲೆ ಗಂಡಸರದ್ದು ಎಂದು ಬರೆದಿದೆ. ಕಡೆಗಣಿಸಿ. ಎಡ್ಮಂಡ್ ರುಡ್ನಿಟ್ಸ್ಕಾ ಅದರಲ್ಲಿ ಹೆಡಿಯೋನ್ ಎಂಬ, ಮಲ್ಲಿಗೆಯ ಗಾಳಿಯಷ್ಟನ್ನೇ ಸೋಸಿ ತೆಗೆದಂಥ ಪದಾರ್ಥವನ್ನು ನಿಂಬೆಯ ಕೆಳಗಿಟ್ಟರು. ಫ್ರೆಂಚ್ ಹೆಂಗಸರು ಗಂಡಂದಿರ ಬಾಟಲಿ ಕದ್ದು ಹಾಕಿಕೊಳ್ಳುತ್ತಿದ್ದರಂತೆ. 1972ರಲ್ಲಿ ಅದೇ ರುಡ್ನಿಟ್ಸ್ಕಾ ಕೈಯಿಂದ ಹೆಂಗಸರಿಗೆಂದು ‘ಡಿಯೊರೆಲ್ಲಾ’ ಬಂತು. ಇವೆರಡೂ ಅಕ್ಕಪಕ್ಕದ ಮನೆಯವು ಎಂದು ಮೂಸಿದವರಿಗೆ ತಿಳಿಯುತ್ತದೆ. ಆದರೆ ಮುಗ್ಲರ್‌ನ ಸೋಪಿನ ಹಿತ ಇದರಲ್ಲಿಲ್ಲ. ಇದು ಸ್ವಲ್ಪ ಗಂಭೀರ.

ದುಡ್ಡು ಕಡಿಮೆ ಖರ್ಚಾಗಬೇಕೆಂದರೆ ‘4711’ ತೆಗೆದುಕೊಳ್ಳಿ. ಫ್ರೆಂಚ್ ಅಲ್ಲ, ಕಲೋನ್ ನಗರದ್ದೇ. ಫ್ರೆಂಚ್ ಸೈನ್ಯ ಆ ಊರಿನಲ್ಲಿ ಬೀಡು ಬಿಟ್ಟಿದ್ದ ಕಾಲದಲ್ಲಿ ಅದನ್ನು ಮಾಡುತ್ತಿದ್ದವರ ಮನೆಗೆ ಸಿಕ್ಕ ನಂಬರ್ ಅದು. ದೊಡ್ಡ ಬಾಟಲಿ ತಂದು ಸ್ನಾನವಾದ ಮೇಲೆ ಇಬ್ಬರೂ ಕೈತುಂಬ ಬಳಸಿ.

ಕೊಳ್ಳುವ ಮುಂಚೆ ಅಂಗಡಿಯ ಕಾಗದದ ಪಟ್ಟಿಯ ಮೇಲೆ ಮೂಸಿ ತೀರ್ಮಾನ ಮಾಡಬೇಡಿ. ಕಾಗದದಲ್ಲಿ ಎಲ್ಲ ಕೊಲೋನೂ ಮೊದಲ ಹತ್ತು ನಿಮಿಷ ನಿಂಬೆಹಣ್ಣೇ. ನಿಮ್ಮ ಒಂದು ಕೈಗೆ, ಮನೆಯವರ ಒಂದು ಕೈಗೆ ಹಾಕಿಸಿಕೊಂಡು ಊಟ ಮುಗಿಸಿ ಬನ್ನಿ. ಚರ್ಮದ ಮೇಲೆ ನಿಂಬೆ ಹೋದಮೇಲೆ ಉಳಿಯುವುದೇ ನೀವು ದುಡ್ಡು ಕೊಡುವ ವಸ್ತು. ಅಂಗಡಿ ಹುಡುಗ ‘ಸರ್, ಇದು ಜೆಂಟ್ಸ್, ಅದು ಲೇಡೀಸ್’ ಎಂದು ಶುರು ಮಾಡಿದರೆ ತಲೆಯಾಡಿಸಿ, ನಿಮಗೆ ಬೇಕಾದದ್ದು ತೆಗೆದುಕೊಳ್ಳಿ. ತಂದ ಮೇಲೆ ಬಚ್ಚಲಮನೆಯ ಕಿಟಕಿಯಲ್ಲಿಡಬೇಡಿ. ನಿಂಬೆಯೆಣ್ಣೆ ಬೆಳಕಿಗೆ, ಬಿಸಿಗೆ ಬೇಗ ಕೆಡುತ್ತದೆ, ಟರ್ಪೆಂಟೈನ್ ವಾಸನೆ ಬರತೊಡಗುತ್ತದೆ. ಡಬ್ಬಿಯೊಳಗೇ ಹಾಕಿ ಬೀರುವಿನಲ್ಲಿಡಿ. ಶಾರ್ಜಾದ ಬೇಸಿಗೆಗೆ ಫ್ರಿಜ್ಜಿನ ಬಾಗಿಲೂ ಆಗಬಹುದು, ಮನೆಯವರು ಒಪ್ಪಿದರೆ.